ಮಳೆ ಲೆಕ್ಕದ ಆಪ್: ಅಜ್ಜನಿಗೂ ಮೊಮ್ಮಗಳಿಗೂ ಒಂದೇ ಸಾಕೇ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಮೂಡಿಗೆರೆ ತಾಲ್ಲೂಕಿನವನು. ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಬೆಂಗಳೂರಲ್ಲಿದ್ದು ಈಗ ಊರಿಗೆ ಬಂದಿದ್ದೇನೆ. ಇಬ್ಬರು ಗೆಳೆಯರ ಜೊತೆ ಸೇರಿ ನಮ್ಮ ಸುತ್ತಮುತ್ತಲಿನ ಸುಮಾರು 60 ಸಣ್ಣ ಕಾಫಿ ಬೆಳೆಗಾರರಿಗಾಗಿ ಒಂದು ಆಂಡ್ರಾಯ್ಡ್ ಆಪ್ ಮಾಡಿದ್ದೇವೆ. ದಿನದ ಮಳೆ ಬರೆದಿಡಬಹುದು, ಕೊಯ್ಲಿನಲ್ಲಿ ಆಳುವಾರು ಕೆ.ಜಿ. ಲೆಕ್ಕ ಇಡಬಹುದು. ಮಕ್ಕಳಿಗೆ ತೋಟದ ಹಕ್ಕಿ, ಗಿಡ ಗುರುತಿಸುವ ಆಟವೂ ಇದೆ. ಆದರೆ ವಯಸ್ಸಾದವರು ಇನ್‌ಸ್ಟಾಲ್ ಮಾಡಿಸಿಕೊಂಡು ಮತ್ತೆ ತೆರೆಯುವುದೇ ಇಲ್ಲ. ನಮ್ಮ ಅಜ್ಜನೇ 'ನಂಗಿದೆಲ್ಲ ಬರಲ್ಲ ಮಾರಾಯ' ಅಂತ ಡೈರಿಯಲ್ಲೇ ಬರೀತಾರೆ. ಅಕ್ಷರ ದೊಡ್ಡದು ಮಾಡಿದರೂ ಪ್ರಯೋಜನ ಆಗಲಿಲ್ಲ. ಇನ್ನೊಂದು ಮನೆಯಲ್ಲಿ ಏಳು ವರ್ಷದ ಮೊಮ್ಮಗಳು ಆಟ ಆಡ್ತಾ ಜನವರಿಯ ಕೊಯ್ಲಿನ ಲೆಕ್ಕವನ್ನೇ ಅಳಿಸಿಬಿಟ್ಟಿದ್ದಾಳೆ. ಬಿಡುಗಡೆಗೆ ಮೊದಲು ಹದಿನೈದು ಸ್ನೇಹಿತರಿಗೆ ತೋರಿಸಿದ್ದೆವು, ಎಲ್ಲರೂ 'ಸೂಪರ್' ಅಂದಿದ್ದರು. ಹಿರಿಯರಿಗೆ, ನಡುವಯಸ್ಸಿನವರಿಗೆ, ಮಕ್ಕಳಿಗೆ ಅಂತ ಮೂರು ಆಪ್ ಮಾಡಬೇಕೇ? ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವ ಹಾಗೆ ಮಾಡಿದರೆ ಸರಿಹೋಗುತ್ತಾ? ಕೈಯಲ್ಲಿ ಹಣ ಇಲ್ಲ, ಹಾಗಿದ್ದೂ ಸರಿಯಾಗಿ ಪರೀಕ್ಷೆ ಮಾಡುವುದು ಹೇಗೆ? ಐಫೋನ್‌ಗೂ ಮಾಡಿ ಅಂತ ಒಬ್ಬಿಬ್ಬರು ಕೇಳ್ತಿದ್ದಾರೆ, ಮಾಡಬೇಕಾ? ಆಪ್‌ನ ಕೆಲವು ಸ್ಕ್ರೀನ್‌ಶಾಟ್ ಕಳಿಸಿದ್ದೇನೆ.

ಉತ್ತರ: ನೀವು ಕಳಿಸಿದ ಮೊದಲ ಸ್ಕ್ರೀನ್‌ಶಾಟ್‌ನಲ್ಲೇ ನನ್ನ ಕಣ್ಣು ನಿಂತಿತು. 'ಮಳೆಯ ಪ್ರಮಾಣ, ಮಿ.ಮೀ.' ಎಂದು ಒಂದು ಚೌಕ ಇದೆ. ನಿಮ್ಮ ಅಜ್ಜನ ಡೈರಿ ತೆರೆದು ನೋಡಿದ್ದೀರಾ? ಅಲ್ಲಿ ಮಳೆ ಇರುವುದು ಇಂಚು ಮತ್ತು ಸೆಂಟ್‌ನಲ್ಲಿ. ನಮ್ಮ ಕಾಫಿ ಸೀಮೆಯಲ್ಲಿ 'ನಿನ್ನೆ 60 ಸೆಂಟ್ ಬಂತು', 'ಮೊನ್ನೆ ಮೂರು ಇಂಚು ಇಪ್ಪತ್ತು' ಎಂದೇ ಮಾತು. ಒಂದು ಇಂಚು ಅಂದರೆ 100 ಸೆಂಟ್, ಅಂದರೆ 25.4 ಮಿಲಿಮೀಟರ್. ಅಜ್ಜ ತಮ್ಮ 60 ಸೆಂಟನ್ನು ನಿಮ್ಮ ಚೌಕಕ್ಕೆ ಹಾಕಬೇಕೆಂದರೆ ಮನಸ್ಸಲ್ಲೇ 15.24 ಎಂದು ಗುಣಿಸಬೇಕು. ಹಾಗೇ 60 ಎಂದು ಒತ್ತಿದರೆ ಕಾಫಿ ಹೂ ಅರಳಿಸುವ ಹೂಮಳೆಯ 60 ಸೆಂಟು ನಿಮ್ಮ ಆಪ್‌ನಲ್ಲಿ ಎರಡು ಇಂಚು ದಾಟಿ ಕೂರುತ್ತದೆ. ಹತ್ತಾರು ವರ್ಷ ತಪ್ಪದೆ ಮಳೆ ಬರೆದಿಟ್ಟವರಿಗೆ ಆ ಸುಳ್ಳು ಅಂಕಿ ಕಂಡ ಕೂಡಲೇ ಗೊತ್ತಾಗುತ್ತದೆ. ಅಷ್ಟಕ್ಕೇ ಅವರು ಫೋನ್ ಪಕ್ಕಕ್ಕಿಟ್ಟಿರಬಹುದು.

ತಾರೀಖೂ ಹಾಗೇ. ಬೆಳಿಗ್ಗೆ ಎದ್ದು ಮಾಪಕದಲ್ಲಿ ಅಳೆದ ಮಳೆ ಯಾವ ದಿನದ್ದು? ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯ ಮಳೆಯನ್ನು ಅಳತೆ ಮಾಡಿದ ದಿನದ ಲೆಕ್ಕಕ್ಕೆ ಹಾಕುತ್ತದೆ. ಮನೆಯ ಡೈರಿಯಲ್ಲಿ ಅದನ್ನು ನಿನ್ನೆಯ ಪುಟಕ್ಕೆ ಬರೆಯುವವರಿದ್ದಾರೆ, ಇವತ್ತಿನದಕ್ಕೆ ಬರೆಯುವವರೂ ಇದ್ದಾರೆ. ನಿಮ್ಮ ಆಪ್ ಯಾರನ್ನೂ ಕೇಳದೆ ಇವತ್ತಿನ ತಾರೀಖು ಒತ್ತಿಬಿಡುತ್ತದೆ.

ಇದನ್ನೇ ಮೊದಲು ಹೇಳಿದ್ದಕ್ಕೆ ಕಾರಣವಿದೆ. 'ವಯಸ್ಸಾದವರಿಗೆ ಆಪ್ ಬರುವುದಿಲ್ಲ' ಎಂಬ ಮಾತನ್ನು ಹದಿನೈದು ವರ್ಷದಿಂದ ಕೇಳುತ್ತಿದ್ದೇನೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ವಿಷಯ ವಯಸ್ಸಿನದಾಗಿರುವುದಿಲ್ಲ. ಅವರಿಗೆ ಚೆನ್ನಾಗಿ ಗೊತ್ತಿರುವ ಕೆಲಸವನ್ನು ಆಪ್ ಬೇರೆ ಯಾರದೋ ಭಾಷೆಯಲ್ಲಿ ಕೇಳುತ್ತಿರುತ್ತದೆ. ಅದೇ ಅಜ್ಜ ದುಬೈನಲ್ಲಿರುವ ಮಗಳಿಗೆ ವೀಡಿಯೊ ಕಾಲ್ ಮಾಡುತ್ತಾರೆ, ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸುತ್ತಾರೆ, ಯೂಟ್ಯೂಬಿನಲ್ಲಿ ಯಕ್ಷಗಾನ ಹುಡುಕಿ ನೋಡುತ್ತಾರೆ. ಬೇಕಾದದ್ದನ್ನು ಕಲಿತೇ ಕಲಿಯುತ್ತಾರೆ. ಇಂಚು ಮತ್ತು ಸೆಂಟ್‌ಗೆ ಎರಡು ಚೌಕ ಕೊಡಿ, ಒಳಗೆ ನೀವು ಮಿ.ಮೀ.ಗೆ ಬದಲಿಸಿ ಇಟ್ಟುಕೊಳ್ಳಿ. ಶಾಲೆಯಲ್ಲಿ ಮಿ.ಮೀ. ಕಲಿತ ಮೊಮ್ಮಕ್ಕಳು ಅದರಲ್ಲೇ ನೋಡಲಿ. ದಿನದ ವಿಷಯವನ್ನು ಒಂದೇ ಸಲ ಕೇಳಿ ನೆನಪಿಟ್ಟುಕೊಳ್ಳಿ: 'ಬೆಳಿಗ್ಗೆ ಅಳೆದ ಮಳೆ ಯಾವ ದಿನಕ್ಕೆ ಬರೆಯುತ್ತೀರಿ? ನಿನ್ನೆಗೆ, ಇವತ್ತಿಗೆ.' ಫೆಬ್ರವರಿಯಲ್ಲಿ ಯಾರಾದರೂ ಒಂಬತ್ತು ಇಂಚು ಬರೆದರೆ ತಪ್ಪು ಎಂದು ಕೆಂಪು ಬಳಿಯಬೇಡಿ. '9 ಇಂಚು ಬರೆದಿದ್ದೀರಿ, ಸರಿಯೇ?' ಎಂದು ಕೇಳಿದರೆ ಸಾಕು.

ಈಗ ಎರಡನೆಯ ದೂರಿಗೆ ಬರೋಣ. ಅಜ್ಜ ಮುಟ್ಟುವುದಿಲ್ಲ, ಮಗು ಮುಟ್ಟಿ ಅಳಿಸಿತು. ಇವು ಎರಡು ಬೇರೆ ಬೇರೆ ತೊಂದರೆ ಎಂಬ ಹಾಗೆ ನೀವು ಬರೆದಿದ್ದೀರಿ. ನನಗೆ ಎರಡರ ಬೇರೂ ಒಂದೇ ಎಂದು ಕಾಣುತ್ತದೆ. ನಿಮ್ಮ ಆಪ್‌ನಲ್ಲಿ ತಪ್ಪಾದರೆ ಹಿಂದಕ್ಕೆ ಬರುವ ದಾರಿ ಇಲ್ಲ. ಮಗುವಿಗೆ ಅದು ಗೊತ್ತಿಲ್ಲ, ಆದ್ದರಿಂದ ಒತ್ತಿತು. ಅಜ್ಜನಿಗೆ ಗೊತ್ತಿದೆ, ಆದ್ದರಿಂದ ಒತ್ತುವುದಿಲ್ಲ. ಅದರಲ್ಲೂ ಈಗಿನ ದಿನಗಳಲ್ಲಿ ಮನೆಯ ಮಕ್ಕಳೇ ಹಿರಿಯರಿಗೆ 'ಗೊತ್ತಿಲ್ಲದ್ದು ಏನೂ ಒತ್ತಬೇಡಿ, ಓಟಿಪಿ ಯಾರಿಗೂ ಹೇಳಬೇಡಿ' ಎಂದು ದಿನಾ ಎಚ್ಚರಿಸುತ್ತಾರೆ. ಬ್ಯಾಂಕಿನ ದುಡ್ಡು ಕಳಕೊಂಡ ಕಥೆ ಪ್ರತಿ ಊರಲ್ಲೂ ಒಂದಾದರೂ ಇದೆ. ಹಾಗಿರುವಾಗ ನಿಮ್ಮ ಆಪ್ ತೆರೆದ ಕೂಡಲೇ ಫೋನ್ ನಂಬರ್, ಓಟಿಪಿ, ಲೊಕೇಶನ್, ಕಾಂಟ್ಯಾಕ್ಟ್ ಎಂದು ಸಾಲಾಗಿ ಕೇಳುತ್ತದೆ. ಅಲ್ಲೇ ಮುಚ್ಚಿಟ್ಟವರನ್ನು ನಾನು ಜಾಣರು ಎನ್ನುತ್ತೇನೆ. ಮಳೆ ಬರೆಯಲು ಇವು ಯಾವುದೂ ಬೇಡ. ಫೋನಿನಲ್ಲೇ ಬರೆದಿಡಲು ಬಿಡಿ. ಬೇರೆಯವರ ಜೊತೆ ಹಂಚಿಕೊಳ್ಳುವ ದಿನ ಬಂದಾಗ ನಂಬರ್ ಕೇಳಿದರಾಯಿತು. ಕಾಂಟ್ಯಾಕ್ಟ್ ಕೇಳುವುದನ್ನು ತೆಗೆದೇ ಹಾಕಿ.

ಅಳಿಸುವುದಕ್ಕೆ ನನ್ನ ಸಲಹೆ ಹೀಗೆ. ಯಾವ ಲೆಕ್ಕವೂ ಒಂದೇ ಒತ್ತಿಗೆ ನಿಜವಾಗಿ ಹೋಗಬಾರದು. ಅಳಿಸಿದ ಸಾಲು ಅಲ್ಲೇ ಮಸುಕಾಗಿ ನಿಲ್ಲಲಿ, ಪಕ್ಕದಲ್ಲಿ 'ವಾಪಸ್ ತನ್ನಿ' ಎಂದಿರಲಿ, ಒಂದು ತಿಂಗಳಾದರೂ ಹಾಗೇ ಇರಲಿ. ಈಗ ನೀವು ಇಟ್ಟಿರುವುದು ಕೆಳಗೆ ಮೂಡಿ ಕೆಲವು ಸೆಕೆಂಡಿನಲ್ಲಿ ಮಾಯವಾಗುವ ಪಟ್ಟಿ. ಆಂಡ್ರಾಯ್ಡ್‌ನ ಟೋಸ್ಟ್ ಎಂಬ ಇಂಥ ಸಂದೇಶ ಚಿಕ್ಕದಾದರೆ 2 ಸೆಕೆಂಡ್, ಉದ್ದದ್ದಾದರೆ 3.5 ಸೆಕೆಂಡ್ ಇರುತ್ತದೆ. ಜೇಬಿನಿಂದ ಕನ್ನಡಕ ತೆಗೆಯುವುದರೊಳಗೆ ಅದು ಹೋಗಿರುತ್ತದೆ. ನಂತರ ಉಳಿಯುವುದು 'ಏನೋ ಬಂತು, ಏನೋ ಹೋಯ್ತು, ನಾನೇನೋ ಹಾಳು ಮಾಡಿದೆ' ಎಂಬ ಅಳುಕು.

ನಿಮ್ಮ ಎಚ್ಚರಿಕೆಯ ಪೆಟ್ಟಿಗೆಯ ಕನ್ನಡವನ್ನೂ ನೋಡಿದೆ. 'ನಮೂದನ್ನು ರದ್ದುಗೊಳಿಸಬೇಕೆ?' ಎಂಬ ಪ್ರಶ್ನೆ, ಕೆಳಗೆ 'ರದ್ದುಮಾಡಿ', 'ಸರಿ' ಎಂಬ ಎರಡು ಗುಂಡಿ. ಲೆಕ್ಕ ಉಳಿಯಬೇಕು ಎನ್ನುವವರು ಯಾವುದನ್ನು ಒತ್ತಬೇಕು? ನಾನು ಮೂರು ಸಲ ಓದಿದೆ, ನನಗೂ ಖಚಿತವಾಗಲಿಲ್ಲ. 'ಈ ಸಾಲು ಅಳಿಸಲೇ?' ಎಂದು ಕೇಳಿ, ಗುಂಡಿಗಳಲ್ಲಿ 'ಅಳಿಸು' ಮತ್ತು 'ಬೇಡ, ಇರಲಿ' ಎಂದು ಹಾಕಿ. ಪ್ರಶ್ನೆ ಓದದೆ ಗುಂಡಿ ಮಾತ್ರ ಓದಿದವರಿಗೂ ಅರ್ಥವಾಗಬೇಕು, ಯಾಕೆಂದರೆ ಹೆಚ್ಚಿನವರು ಗುಂಡಿಯನ್ನಷ್ಟೇ ಓದುತ್ತಾರೆ. 'ಸಲ್ಲಿಸಿ' ಎಂಬ ಮಾತು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟ ಹಾಗಿದೆ. 'ಬರೆದಿಡು' ಎನ್ನಿ.

ಇನ್ನು ದೊಡ್ಡ ಅಕ್ಷರ. ಮಾಡಿದ್ದು ತಪ್ಪಲ್ಲ, ಆದರೆ ಅದೊಂದೇ ಸಾಲದು. ವಯಸ್ಸು ಕಣ್ಣಿಗೆ ಮಾಡುವುದು ಒಂದೇ ಕೆಲಸವಲ್ಲ. ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರ ಬಿರುಸಾಗಿ ಹತ್ತಿರದ್ದು ಮಬ್ಬಾಗುತ್ತದೆ. ಅದಕ್ಕೇ ಹಿಂದಿನವರು ಓದುವ ಕನ್ನಡಕಕ್ಕೆ ಚಾಳೀಸು ಎಂದಿದ್ದು. ಆಮೇಲೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. 60 ವರ್ಷದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20 ವರ್ಷದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು. ಮಸೂರ ಹಳದಿಯಾದಾಗ ನೀಲಿ ಮಂಕಾಗಿ, ನೀಲಿ ಮತ್ತು ಹಸಿರಿನ ವ್ಯತ್ಯಾಸ ಕಮ್ಮಿಯಾಗುತ್ತದೆ. ನಿಮ್ಮ ಆಪ್‌ನಲ್ಲಿ 'ಬರೆದಿದೆ' ಎಂಬುದಕ್ಕೆ ನೀಲಿ ಚುಕ್ಕೆ, 'ಸರ್ವರ್‌ಗೆ ಹೋಗಿದೆ' ಎಂಬುದಕ್ಕೆ ಹಸಿರು ಚುಕ್ಕೆ. ಅಜ್ಜನಿಗೆ ಎರಡೂ ಒಂದೇ ಬೂದು. ಚುಕ್ಕೆಯ ಪಕ್ಕ ಮಾತನ್ನೂ ಬರೆಯಿರಿ.

ಬಿಳಿ ಹಿನ್ನೆಲೆಯ ಮೇಲೆ ತೆಳು ಬೂದು ಅಕ್ಷರ ಈಗಿನ ಫ್ಯಾಷನ್. ವೆಬ್ ಪ್ರವೇಶಸಾಧ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯುಸಿಎಜಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ವ್ಯತ್ಯಾಸ ಕೇಳುತ್ತದೆ, ಇನ್ನೂ ಬಿಗಿಯಾದ ಮಟ್ಟದಲ್ಲಿ 7ಕ್ಕೆ 1. ಕಣದಲ್ಲಿ ಬಿಸಿಲಿಗೆ ಹಿಡಿದು ನೋಡುವ ಆಪ್‌ಗೆ 7ಕ್ಕೇ ಹೋಗಿ. ಇದನ್ನು ಅಳೆಯಲು ಗೂಗಲ್‌ನ ಆಕ್ಸೆಸಿಬಿಲಿಟಿ ಸ್ಕ್ಯಾನರ್ ಎಂಬ ಉಚಿತ ಆಪ್ ಇದೆ. ನಿಮ್ಮ ಪರದೆ ತೆರೆದು ಅದನ್ನು ಓಡಿಸಿದರೆ ಎಲ್ಲಿ ಬಣ್ಣ ಮಂಕು, ಎಲ್ಲಿ ಗುಂಡಿ ಚಿಕ್ಕದು ಎಂದು ತೋರಿಸುತ್ತದೆ.

ಕನ್ನಡಕ್ಕೆ ಇನ್ನೊಂದು ತೊಂದರೆ ಇದೆ, ಅದನ್ನು ಇಂಗ್ಲಿಷ್ ಪುಸ್ತಕಗಳು ಹೇಳಿಕೊಡುವುದಿಲ್ಲ. ನಮ್ಮ ಅಕ್ಷರಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು. ನಿಮ್ಮ ಕೊಯ್ಲಿನ ಪರದೆಯಲ್ಲಿ 'ಮೇಸ್ತ್ರಿ' ಎಂಬ ಪದದ ಕೆಳಗಿನ ಒತ್ತು ಗೆರೆಯ ಹಿಂದೆ ಸಿಕ್ಕಿ ಅರ್ಧ ಕಾಣೆಯಾಗಿದೆ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರವನ್ನೇ ಬಿಟ್ಟಿದ್ದೀರಿ. ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಸಾಲಿನ ಎತ್ತರ ಇಡಿ. ನಮ್ಮ ಪದಗಳು ಉದ್ದ, ಗುಂಡಿಯಲ್ಲಿ ಅರ್ಧಕ್ಕೆ ಮುರಿದು 'ಉಳಿಸ...' ಎಂದು ನಿಲ್ಲುತ್ತವೆ. ಆಂಡ್ರಾಯ್ಡ್ 14ರಿಂದ ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರವನ್ನು ಶೇ. 200ರವರೆಗೆ ಹಿಗ್ಗಿಸಬಹುದು. ಕಣ್ಣು ಮಂಜಾದವರು ಈಗಾಗಲೇ ಮೊಮ್ಮಕ್ಕಳ ಕೈಯಲ್ಲಿ ಹಾಗೆ ಮಾಡಿಸಿಕೊಂಡಿರುತ್ತಾರೆ. ಇವತ್ತೇ ನಿಮ್ಮ ಫೋನಿನ ಅಕ್ಷರವನ್ನು ತುದಿಯವರೆಗೆ ದೊಡ್ಡದು ಮಾಡಿ ಆಪ್ ತೆರೆಯಿರಿ. 'ಸಲ್ಲಿಸಿ' ಗುಂಡಿ ಪರದೆಯ ಹೊರಗೆ ಹೋಗಿದ್ದರೆ, ಅಜ್ಜನಿಗೆ ಆ ಗುಂಡಿ ಎಂದೂ ಕಂಡೇ ಇಲ್ಲ ಎಂದು ತಿಳಿಯಿರಿ.

ಬೆರಳಿನ ವಿಷಯ. ಟಚ್ ಸ್ಕ್ರೀನ್ ಕೆಲಸ ಮಾಡುವುದು ಚರ್ಮದಲ್ಲಿ ವಿದ್ಯುತ್ ಹಾಯುವುದರಿಂದ. ಕತ್ತಿ, ಗುದ್ದಲಿ ಹಿಡಿದು ದಪ್ಪಗಟ್ಟಿದ, ಒಣಗಿದ ಬೆರಳನ್ನು ಅದು ಸರಿಯಾಗಿ ಗುರುತಿಸುವುದಿಲ್ಲ. ಮಳೆಗಾಲದ ಒದ್ದೆ ಬೆರಳನ್ನು ಇನ್ನೊಂದು ರೀತಿ ತಪ್ಪಾಗಿ ಓದುತ್ತದೆ. ಒತ್ತಿದ್ದು ತಾಗಲಿಲ್ಲ ಎಂದು ಅವರು ಗಟ್ಟಿಯಾಗಿ, ಹೆಚ್ಚು ಹೊತ್ತು ಒತ್ತುತ್ತಾರೆ. ಅರ್ಧ ಸೆಕೆಂಡ್ ಆಸುಪಾಸು ದಾಟಿದರೆ ಫೋನ್ ಅದನ್ನು 'ಒತ್ತಿ ಹಿಡಿದರು' ಎಂದು ಲೆಕ್ಕ ಹಾಕಿ ಬೇರೇನೋ ತೆರೆಯುತ್ತದೆ. ನಿಮ್ಮ ಆಪ್‌ನಲ್ಲಿ ಸಾಲನ್ನು ಒತ್ತಿ ಹಿಡಿದರೆ ಅಳಿಸುವ ಪೆಟ್ಟಿಗೆ ಬರುತ್ತದೆ. ಮೊಮ್ಮಗಳು ಜನವರಿ ಅಳಿಸಿದ್ದು ಈ ದಾರಿಯಲ್ಲೇ ಇರಬಹುದು. ಅಜ್ಜನಿಗೂ ಅದೇ ಪೆಟ್ಟಿಗೆ ಎದುರಾಗಿ ಬೆಚ್ಚಿಸಿರಬಹುದು. ಒತ್ತಿ ಹಿಡಿಯುವುದಕ್ಕೆ ಯಾವ ಕೆಲಸವನ್ನೂ ಕಟ್ಟಬೇಡಿ. ಗುಂಡಿಗಳಿಗೆ ಗೂಗಲ್ ಹೇಳುವ ಕನಿಷ್ಠ ಅಳತೆ 48 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಘಟಕ), ಅಂದರೆ ಪರದೆಯ ಮೇಲೆ ಸುಮಾರು 9 ಮಿಲಿಮೀಟರ್. ನಿಮ್ಮ ಕೆಲಸಕ್ಕೆ ಅದಕ್ಕಿಂತ ದೊಡ್ಡದು ಮಾಡಿ, ನಡುವೆ ಜಾಗ ಬಿಡಿ.

ನೆಟ್‌ವರ್ಕ್ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ, ಮೂಡಿಗೆರೆಯ ಮಳೆಗಾಲ ನಿಮಗೇ ಗೊತ್ತು. ಆದರೂ 'ಸಲ್ಲಿಸಿ' ಒತ್ತಿದಾಗ ಗಿರಗಿರ ತಿರುಗುವ ಚಕ್ರ ಹಾಕಿದ್ದೀರಿ. ಸಿಗ್ನಲ್ ಇಲ್ಲದ ಕಡೆ ಅದು ತಿರುಗುತ್ತಲೇ ಇರುತ್ತದೆ, ಜನ ಮತ್ತೆ ಮತ್ತೆ ಒತ್ತುತ್ತಾರೆ, ಒಂದೇ ಮಳೆ ಮೂರು ಸಲ ದಾಖಲಾಗುತ್ತದೆ. ಮೊದಲು ಫೋನಿನಲ್ಲಿ ಉಳಿಯಲಿ, ಸಿಗ್ನಲ್ ಬಂದಾಗ ತಾನಾಗಿ ಹೋಗಲಿ.

ಮೂರು ಆಪ್ ಬೇಕೇ ಎಂಬ ಪ್ರಶ್ನೆಗೆ ಈಗ ಉತ್ತರಿಸಬಹುದು. ಬೇಡ. 'ಹಿರಿಯರಿಗಾಗಿ' ಎಂದು ಹೆಸರಿಟ್ಟದ್ದನ್ನು ಹಿರಿಯರೇ ಮುಟ್ಟುವುದಿಲ್ಲ. ಎಪ್ಪತ್ತರಲ್ಲೂ ಜೀಪು ಓಡಿಸುವವರು ತಮ್ಮನ್ನು ಆ ಪಟ್ಟಿಗೆ ಯಾಕೆ ಸೇರಿಸಿಕೊಳ್ಳುತ್ತಾರೆ? ಮೂರು ಆಪ್ ಮಾಡಿದರೆ ದುರಸ್ತಿಯೂ ಮೂರರಷ್ಟು. ನೀವು ಇರುವುದು ಮೂವರು, ಒಂದು ವರ್ಷದೊಳಗೆ ಹಿರಿಯರ ಆಪ್ ಹಳತಾಗಿ ಬೀಳುತ್ತದೆ. ಒಂದೇ ಆಪ್‌ನೊಳಗೆ 'ಸರಳ ಮೋಡ್' ಇಡುವುದು ಇನ್ನೊಂದು ದಾರಿ. ಅದರ ಅಪಾಯ ಏನೆಂದರೆ, ಆ ಮೋಡ್ ಹುಡುಕಿ ಒತ್ತಲು ಬರುವವರಿಗೆ ಅದರ ಅಗತ್ಯವೇ ಇರುವುದಿಲ್ಲ. ಜೊತೆಗೆ ಮನೆಯಲ್ಲಿ ಒಬ್ಬರ ಪರದೆ ಇನ್ನೊಬ್ಬರ ಪರದೆಯ ಹಾಗಿರದಿದ್ದರೆ ಫೋನಿನಲ್ಲಿ 'ಮೇಲಿನ ಬಲಗಡೆ ಒತ್ತಿ ಅಪ್ಪ' ಎಂದು ಹೇಳಿಕೊಡಲೂ ಆಗುವುದಿಲ್ಲ.

ನಾನಾದರೆ ವಯಸ್ಸಿನಿಂದ ವಿಂಗಡಿಸುವುದಿಲ್ಲ, ಕೆಲಸದಿಂದ ವಿಂಗಡಿಸುತ್ತೇನೆ. ಬೆಳಿಗ್ಗೆ ಮಳೆ ಬರೆಯುವವರು ಒಬ್ಬರು. ಸಂಜೆ ಕಣದಲ್ಲಿ ತೂಕ ಬರೆದುಕೊಳ್ಳುವವರು ಇನ್ನೊಬ್ಬರು, ಸಾಮಾನ್ಯವಾಗಿ ತೋಟದ ಲೆಕ್ಕ ಬರೆಯುವ ರೈಟರು ಅಥವಾ ಮನೆಯ ಯಜಮಾನಿ. ಒಟ್ಟು ಲೆಕ್ಕ ನೋಡುವವರು ಮತ್ತೊಬ್ಬರು. ಆಪ್ ತೆರೆದಾಗ ಈ ಮೂರು ಕೆಲಸ ಮೂರು ದೊಡ್ಡ ಗುಂಡಿಗಳಾಗಿ ಕಾಣಲಿ, ಒಂದೊಂದೂ ಒಂದೇ ಪರದೆಯಲ್ಲಿ ಮುಗಿಯಲಿ. ಅತಿ ಮಂಜಾದ ಕಣ್ಣಿಗೆ, ಅತಿ ದಪ್ಪ ಬೆರಳಿಗೆ ಹೊಂದುವ ಹಾಗೆ ಮಾಡಿದ್ದು ಇಪ್ಪತ್ತೈದರ ಹುಡುಗನಿಗೆ ಬಿಸಿಲಲ್ಲಿ, ಮಳೆಯಲ್ಲಿ, ಒಂದು ಕೈಯಲ್ಲಿ ಕೊಡೆ ಹಿಡಿದಾಗ ಉಪಕಾರಕ್ಕೆ ಬರುತ್ತದೆ.

ಇಲ್ಲಿ ನಡುವಯಸ್ಸಿನವರ ಬಗ್ಗೆ ಒಂದು ಮಾತು, ಯಾಕೆಂದರೆ ಅವರನ್ನು ಎಲ್ಲರೂ ಮರೆಯುತ್ತಾರೆ. ನಿಮ್ಮ ಆಪ್ ಅನ್ನು ಅತಿ ಹೆಚ್ಚು ಬಳಸುವುದು 45ರಿಂದ 55ರವರು. ಅವರು ಆಪ್ ಗೊತ್ತಿಲ್ಲ ಎನ್ನುವುದಿಲ್ಲ, ಹೇಗೋ ನಿಭಾಯಿಸುತ್ತಾರೆ. ಅವರ ಚಾಳೀಸು ಮನೆಯಲ್ಲಿ ಟಿವಿ ಪಕ್ಕ ಇರುತ್ತದೆ, ತೂಕ ಬರೆಯುವುದು ಕಣದಲ್ಲಿ. 36 ಅನ್ನು 38 ಎಂದು ಓದಿ ಮುಂದೆ ಹೋಗುತ್ತಾರೆ. ಆ ಎರಡು ಕೆ.ಜಿ. ಯಾರದೋ ಕೂಲಿ. ತೂಕದ ಅಂಕಿಯನ್ನು ಪರದೆಯ ಅರ್ಧದಷ್ಟು ದೊಡ್ಡದಾಗಿ ತೋರಿಸಿ, ಬರೆದ ಕೂಡಲೇ ಹೆಸರಿನ ಜೊತೆ ಜೋರಾಗಿ ಓದಿ ಹೇಳುವ ಹಾಗೆ ಮಾಡಿ. ಕೊಯ್ದು ತಂದವರು ಆಪ್ ಬಳಸದಿದ್ದರೂ ತಮ್ಮ ಲೆಕ್ಕವನ್ನು ಕಿವಿಯಲ್ಲಿ ಕೇಳಿಸಿಕೊಳ್ಳಬೇಕು. ಹೊರ ರಾಜ್ಯದಿಂದ ಬಂದು ಕನ್ನಡ ಬಾರದವರಿಗೆ ಅಂಕಿ ಕಾಣುವಂತಿರಲಿ. ಅಂಕಿ 1, 2, 3 ಎಂದೇ ಇರಲಿ.

ಬಾಯಲ್ಲಿ ಹೇಳಿ ಬರೆಸುವ ಯೋಚನೆ ಒಳ್ಳೆಯದು, ಮೇಲಿನದಕ್ಕೆ ಸೇರಿಸಬಹುದು, ಬದಲಿಗೆ ಬೇಡ. ಕನ್ನಡ ಧ್ವನಿ ಗುರುತಿಸುವ ವ್ಯವಸ್ಥೆ ಫೋನಿನ ಕೀಬೋರ್ಡಿನಲ್ಲೇ ಸಿಗುತ್ತದೆ. ಆದರೆ ತಗಡಿನ ಮೇಲೆ ಮಳೆ ಬೀಳುತ್ತಿರುವಾಗ, ಪಕ್ಕದಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ ಓಡುತ್ತಿರುವಾಗ ಎಪ್ಪತ್ತು, ಎಂಬತ್ತು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ನಮ್ಮ ಕಡೆಯ 'ಮೂರಿಂಚು ಇಪ್ಪತ್ತು' ಅದಕ್ಕೆ ಹೊಸದು. ನೆಟ್ ಇಲ್ಲದಾಗ ನಿಂತುಹೋಗಲೂಬಹುದು. ಕೇಳಿಸಿಕೊಂಡದ್ದನ್ನು ದೊಡ್ಡದಾಗಿ ತೋರಿಸಿ, ತಿರುಗಿ ಓದಿ, 'ಹೌದು' ಒತ್ತಿದ ಮೇಲೆ ಮಾತ್ರ ಬರೆದಿಡಬೇಕು. ಹಾಗೆ ಮಾಡುವಷ್ಟು ಹೊತ್ತಿಗೆ ಎರಡು ಅಂಕಿ ಒತ್ತುವುದೇ ಬೇಗ ಎಂದು ಅನೇಕರಿಗೆ ಅನಿಸುತ್ತದೆ. ಕೈ ನಡುಗುವವರಿಗೆ, ಓದು ಬಾರದವರಿಗೆ ಮಾತ್ರ ಅದು ದೊಡ್ಡ ಆಸರೆ.

ಮಕ್ಕಳ ಆಟವನ್ನು ಬೇರೆ ಆಪ್ ಮಾಡಿ. ಬೇರ್ಪಡಿಸಬೇಕಾದದ್ದು ಇದೊಂದೇ. ಕೂಲಿ ಲೆಕ್ಕ ಇರುವ ಮನೆಯೊಳಗೆ ಆಟದ ಬಾಗಿಲು ಇರಬಾರದು. ಲೆಕ್ಕಕ್ಕೆ ಪಿನ್ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಹಾಕಿದರೆ ಮರೆಯುವುದು ಅಜ್ಜ, ನೆನಪಿಟ್ಟುಕೊಳ್ಳುವುದು ಮೊಮ್ಮಗಳು. ಬೆರಳಚ್ಚೂ ನಂಬಿಕೆಗೆ ಸಾಲದು, ತೋಟದ ಕೆಲಸದಲ್ಲಿ ಸವೆದ ಬೆರಳ ಗೆರೆಗಳನ್ನು ಯಂತ್ರ ಓದುವುದಿಲ್ಲ.

'ಈಗಿನ ಮಕ್ಕಳಿಗೆ ಹುಟ್ಟಿನಿಂದಲೇ ಫೋನ್ ಗೊತ್ತು' ಎಂಬುದೂ ಅರ್ಧ ನಿಜ. ಅವರಿಗೆ ಹೆದರಿಕೆ ಇಲ್ಲ, ಅಷ್ಟೇ. ಐದು ವರ್ಷದೊಳಗಿನ ಮಗುವಿಗೆ ಒತ್ತುವುದು, ಸರಿಸುವುದು ಬರುತ್ತದೆ. ಹಿಡಿದು ಎಳೆದು ಸರಿಯಾದ ಜಾಗಕ್ಕೆ ಬಿಡುವುದು ಕಷ್ಟ. ಫೋನನ್ನು ಎರಡೂ ಅಂಗೈಯಲ್ಲಿ ಹಿಡಿಯುವುದರಿಂದ ಅಂಚಿಗೆ ಹೆಬ್ಬೆರಳು ತಾಗುತ್ತಲೇ ಇರುತ್ತದೆ, ಅಲ್ಲಿ ಗುಂಡಿ ಇಡಬೇಡಿ. ಓದು ಕಲಿಯುತ್ತಿರುವವರಿಗೆ ಸೂಚನೆಯನ್ನು ಧ್ವನಿಯಲ್ಲಿ ಕೊಡಿ. ಹನ್ನೆರಡು ದಾಟಿದವರಿಗೆ ಅದೇ ಬಣ್ಣ, ಅದೇ ಚಪ್ಪಾಳೆ ತೋರಿಸಿದರೆ 'ಇದು ಚಿಕ್ಕವರದ್ದು' ಎಂದು ಎದ್ದು ಹೋಗುತ್ತಾರೆ. ನಿಮ್ಮ ಹಕ್ಕಿಗಳ ಆಟ ಎಂಟು ಹತ್ತು ವರ್ಷದವರಿಗೆ ಎಂದು ಗಟ್ಟಿ ಮಾಡಿಕೊಳ್ಳಿ.

ಕಾನೂನಿನ ಮಾತೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು, ಅದನ್ನು ಪರಿಶೀಲಿಸಲೂ ಆಗಬೇಕು. ಅವರ ನಡವಳಿಕೆಯನ್ನು ಹಿಂಬಾಲಿಸುವುದು, ಅವರಿಗೆಂದೇ ಜಾಹೀರಾತು ಗುರಿಯಿಡುವುದು ಸಲ್ಲದು. ನಿಮ್ಮ ಆಟ ಮಗುವಿನ ಹೆಸರು, ಶಾಲೆ, ಹುಟ್ಟಿದ ದಿನ ಕೇಳುತ್ತದೆ. ಹಕ್ಕಿ ಗುರುತಿಸಲು ಅದು ಯಾವುದೂ ಬೇಡ. ತೆಗೆದುಬಿಡಿ. ಜಾಹೀರಾತು ತೋರಿಸುವ ಹೊರಗಿನ ಕೋಡ್ ಸೇರಿಸಿದ್ದರೆ ಅದನ್ನೂ ತೆಗೆಯಿರಿ.

ಪರೀಕ್ಷೆಯ ವಿಷಯದಲ್ಲಿ ನಿಮಗೆ ಹಣ ಬೇಕಾಗಿಲ್ಲ, ತಾಳ್ಮೆ ಬೇಕು. ಹದಿನೈದು ಸ್ನೇಹಿತರು ಸೂಪರ್ ಅಂದದ್ದು ಪರೀಕ್ಷೆಯಲ್ಲ. ಅವರೆಲ್ಲ ನಿಮ್ಮ ವಯಸ್ಸಿನವರು, ಯಾರೂ ಮಳೆ ಅಳೆದವರಲ್ಲ, ನಿಮಗೆ ಬೇಸರ ಮಾಡಲು ಮನಸ್ಸಿಲ್ಲದವರು. ಈ ಕ್ಷೇತ್ರದಲ್ಲಿ ಹೆಸರಾದ ಜೇಕಬ್ ನೀಲ್ಸನ್ 2000ದಲ್ಲಿ ಐದು ಜನ ಸಾಕು ಎಂದು ವಾದಿಸಿದ್ದರು: ಐದು ಜನ ಬಳಸುವುದನ್ನು ಕೂತು ನೋಡಿದರೆ ಸುಮಾರು ಶೇ. 85ರಷ್ಟು ತೊಡಕು ಕಂಡುಬರುತ್ತದೆ, ಉಳಿದ ಶ್ರಮವನ್ನು ತಿದ್ದಿ ಮತ್ತೆ ನೋಡುವುದಕ್ಕೆ ಇಡಿ ಎಂಬುದು ಅವರ ಲೆಕ್ಕ. ಈ ಮಾತನ್ನು ಎಲ್ಲರೂ ಹೇಳುತ್ತಾರೆ, ಅದರ ಜೊತೆಗಿದ್ದ ಷರತ್ತನ್ನು ಬಿಡುತ್ತಾರೆ. ಅದು ಒಂದೇ ಬಗೆಯ ಜನರಿಗೆ. ಬೇರೆ ಬೇರೆ ಗುಂಪುಗಳಿದ್ದರೆ, ಮೂರು ಅಥವಾ ಹೆಚ್ಚು ಗುಂಪಿದ್ದಾಗ ಪ್ರತಿ ಗುಂಪಿನಿಂದ ಮೂವರನ್ನಾದರೂ ನೋಡಬೇಕು ಎಂದು ಅವರೇ ಬರೆದಿದ್ದಾರೆ. ನಿಮಗೆ ಮಳೆ ಬರೆಯುವ ಹಿರಿಯರು ಮೂವರು, ತೂಕ ಬರೆಯುವವರು ಮೂವರು, ಲೆಕ್ಕ ನೋಡುವವರು ಮೂವರು, ಆಟ ಆಡುವ ಮಕ್ಕಳು ಮೂವರು. ಹನ್ನೆರಡು ಜನ, ಹನ್ನೆರಡು ಭೇಟಿ. ನಿಮ್ಮ ಅಜ್ಜ ಬೇಡ. ನಿಮ್ಮ ಮೇಲಿನ ಪ್ರೀತಿಗೆ ಅವರು ಸಹಿಸಿಕೊಳ್ಳುತ್ತಾರೆ.

ಅವರ ಮನೆಗೇ ಹೋಗಿ, ಅವರ ಫೋನಿನಲ್ಲೇ ನೋಡಿ. ಬಿರುಕು ಬಿಟ್ಟ ಗಾಜು, ತುಂಬಿದ ಮೆಮೊರಿ, ಹಳೆಯ ಆಂಡ್ರಾಯ್ಡ್ ಎಲ್ಲವೂ ಪರೀಕ್ಷೆಯ ಭಾಗ. ಮಳೆಯ ಪರದೆಯನ್ನು ಬೆಳಿಗ್ಗೆ ಮಾಪಕದ ಹತ್ತಿರ, ತೂಕದ ಪರದೆಯನ್ನು ಸಂಜೆ ಕಣದಲ್ಲಿ, ಅದೂ ಸಾಲು ನಿಂತಿರುವಾಗ ನೋಡಬೇಕು. ಕೆಲಸ ಕೊಡುವಾಗ ಗುಂಡಿಯ ಮೇಲಿರುವ ಮಾತು ಬಳಸಬೇಡಿ. 'ಬರೆದಿಡು ಒತ್ತಿ' ಎಂದರೆ ಓದಲು ಬರುತ್ತದೆಯೇ ಎಂದು ನೋಡಿದ ಹಾಗಾಯಿತು. 'ಇವತ್ತು ಬೆಳಿಗ್ಗೆ 45 ಸೆಂಟ್ ಬಂದಿದೆ ಅಂತಿಟ್ಟುಕೊಳ್ಳಿ, ಇದರಲ್ಲಿ ಹಾಕಿ ನೋಡೋಣ' ಎನ್ನಿ. ಇನ್ನೊಂದು ಕೆಲಸ ಖಂಡಿತ ಇರಲಿ: 'ಅಯ್ಯೋ, 45 ಅಲ್ಲ 54. ಈಗ ಸರಿಮಾಡಿ.' ನಿಮ್ಮ ಆಪ್ ಗಟ್ಟಿಯೋ ಅಲ್ಲವೋ ಎಂಬುದು ಇದರಲ್ಲಿ ತಿಳಿಯುತ್ತದೆ.

ಆಮೇಲೆ ಸುಮ್ಮನಿರಿ. ಇದೇ ಅತಿ ಕಷ್ಟ. ಅವರ ಬೆರಳು ತಪ್ಪು ಗುಂಡಿಯ ಕಡೆ ಹೋಗುವಾಗ ನಿಮ್ಮ ಕೈ ತಾನಾಗಿ ಮುಂದೆ ಬರುತ್ತದೆ. ಕೈಯಲ್ಲಿ ಪುಸ್ತಕ ಪೆನ್ನು ಹಿಡಿದಿರಿ. ಅವರು ನಿಂತರೆ ಮನಸ್ಸಲ್ಲಿ ಹತ್ತರವರೆಗೆ ಎಣಿಸಿ, ಆಮೇಲೆ 'ಈಗ ಏನು ನೋಡ್ತಾ ಇದ್ದೀರಿ?' ಎಂದಷ್ಟೇ ಕೇಳಿ. ಪಕ್ಕದಲ್ಲಿ ಮೊಮ್ಮಗ ಕೂತು 'ಅಲ್ಲಜ್ಜ, ಅದು ಒತ್ತು' ಎನ್ನುತ್ತಿರುತ್ತಾನೆ. ನಿಮ್ಮ ಗೆಳೆಯ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಲಿ. ಅವರು 'ನಂಗೆ ಬರಲ್ಲ ಬಿಡಿ' ಎಂದರೆ, ಯಾವ ಪರದೆಯಲ್ಲಿ, ಯಾವ ಮಾತಿನ ಮುಂದೆ ಹಾಗೆಂದರು ಎಂದು ಅವರ ಮಾತಲ್ಲೇ ಬರೆದುಕೊಳ್ಳಿ. ಅದು ನಿಮ್ಮ ದುರಸ್ತಿ ಪಟ್ಟಿಯ ಮೊದಲ ಸಾಲು.

ಹೇಗಿದೆ ಎಂದು ಕೇಳಬೇಡಿ. ನಮ್ಮ ಮಲೆನಾಡಲ್ಲಿ ಮನೆಗೆ ಬಂದ ಹುಡುಗನಿಗೆ ಕಾಫಿ ಕೊಟ್ಟು 'ಚೆನ್ನಾಗಿ ಮಾಡಿದ್ದೀರಿ' ಎನ್ನದೆ ಕಳಿಸುವವರಿಲ್ಲ. ಹತ್ತು ಪ್ರಶ್ನೆಯ ಅಂಕಪಟ್ಟಿ ಕೊಟ್ಟು ತುಂಬಿಸುವ ಕ್ರಮವೂ ಇದೆ. ಇಲ್ಲಿ ಅದನ್ನು ಬಿಡಿ ಎಂದೇ ಹೇಳುತ್ತೇನೆ, ಎಲ್ಲರೂ ಪೂರ್ತಿ ಅಂಕ ಕೊಡುತ್ತಾರೆ. ಒಂದು ವಾರ ಬಿಟ್ಟು ಹೇಳದೆ ಮತ್ತೆ ಹೋಗಿ, ಅದೇ ಕೆಲಸ ಕೊಡಿ. ನೆನಪಿದೆಯೇ, ಈ ನಡುವೆ ಎಷ್ಟು ದಿನ ತಾವಾಗಿ ಬರೆದಿದ್ದಾರೆ, ಅದಷ್ಟೇ ಲೆಕ್ಕ.

ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿದರೆ ಮೇಷ್ಟ್ರ ಮುಂದೆ ಕೂತ ಹಾಗೆ ಕೂರುತ್ತಾರೆ. ಆಡಿ ಕಲಿತ ಮಗುವಿಗೆ, ಆಡದ ಇನ್ನೊಂದು ಮಗುವಿಗೆ ಹೇಳಿಕೊಡಲು ಹೇಳಿ. ಹೇಳಿಕೊಡುವಾಗ ಎಲ್ಲಿ ತಡವರಿಸುತ್ತದೆಯೋ ಅಲ್ಲಿ ನಿಮ್ಮ ತಪ್ಪಿದೆ. ಇಪ್ಪತ್ತು ನಿಮಿಷ ಸಾಕು, ತಂದೆ ಅಥವಾ ತಾಯಿ ಹತ್ತಿರವೇ ಇರಲಿ, ಮುಖದ ವೀಡಿಯೊ ಬೇಡ. 'ಇಷ್ಟವಾಯಿತಾ?' ಎಂದರೆ ಎಲ್ಲ ಮಕ್ಕಳೂ ಹೂಂ ಎನ್ನುತ್ತಾರೆ. 'ನಾಳೆ ಮತ್ತೆ ಆಡ್ತೀಯಾ, ಇಲ್ಲಾ ಬೇರೆ ಆಡ್ತೀಯಾ?' ಎಂದು ಕೇಳಿದರೆ ನಿಜ ಬರುತ್ತದೆ.

ತಿದ್ದುವಾಗ ಒಂದು ಎಚ್ಚರ. ಹಾಸನದ ಕಡೆಯ ಹಳ್ಳಿಯೊಂದರಲ್ಲಿ ಹಾಲಿನ ಲೆಕ್ಕ ತೋರಿಸುವ ಆಪ್ ಒಂದರ ಕೆಲಸದಲ್ಲಿ ನಾನಿದ್ದೆ. ಒಬ್ಬ ತಾಯಿ, ಓದು ಬಾರದವರು, ದಿನಾ ಫೋನ್ ನೋಡಿ ತಮ್ಮ ಹಾಲಿನ ಫ್ಯಾಟು (ಕೊಬ್ಬಿನಂಶ) ಸರಿಯಾಗಿ ಹೇಳುತ್ತಿದ್ದರು. ಹೇಗೆ ಎಂದು ಕೇಳಿದೆ. 'ಮೇಲಿಂದ ಮೂರನೇದು ಕಣವ್ವ' ಎಂದರು. ಮುಂದಿನ ಆವೃತ್ತಿಯಲ್ಲಿ ಚೆಂದ ಕಾಣಲಿ ಎಂದು ನಾವು ಸಾಲುಗಳ ಜಾಗ ಬದಲಿಸಿದೆವು. ಆ ವಾರ ಪೂರ್ತಿ ಅವರು ಹಾಲಿನ ಡೈರಿಯವರ ಜೊತೆ ಜಗಳವಾಡಿದ್ದರು. ಜಾಗವನ್ನೇ ಅಕ್ಷರದ ಹಾಗೆ ಓದುವವರಿದ್ದಾರೆ. ಒಮ್ಮೆ ಜನ ರೂಢಿ ಮಾಡಿಕೊಂಡ ಮೇಲೆ ಗುಂಡಿಯ ಜಾಗ ಸರಿಸಬೇಡಿ.

ಕಾಲವೂ ನಿಮಗೆ ಅನುಕೂಲವಾಗಿದೆ. ಅರೇಬಿಕಾ ಕೊಯ್ಲು ನವೆಂಬರಿಗೆ ಶುರುವಾಗುತ್ತದೆ. ಈ ಮಳೆಗಾಲದಲ್ಲಿ ಮಳೆಯ ಪರದೆ ಒಂದನ್ನೇ ಸರಿಮಾಡಿ, ತೂಕದ ಪರದೆಯನ್ನು ಕಾಗದದ ಮೇಲೆ ಬರೆದು ತೋರಿಸುತ್ತಾ ಹೋಗಿ. ಕಾಗದದ ಪರದೆಯ ಮೇಲೆ ಬೆರಳಿಟ್ಟು ಒತ್ತಲು ಯಾರೂ ಹೆದರುವುದಿಲ್ಲ, ತಿದ್ದಲು ನಿಮಗೂ ಪೆನ್ಸಿಲ್ ಸಾಕು. ಮೊದಲ ಕೊಯ್ಲಿನಲ್ಲಿ ರೈಟರ ಪುಸ್ತಕವೂ ಜೊತೆಗೆ ನಡೆಯಲಿ. ಕೂಲಿಯನ್ನು ಪುಸ್ತಕ ನೋಡಿಯೇ ಕೊಡಲಿ, ಪ್ರತಿ ಶನಿವಾರ ಎರಡನ್ನೂ ಹೋಲಿಸಿ.

ಐಫೋನ್ ಈಗ ಬೇಡ. ನಿಮ್ಮ 60 ಮನೆಗಳಲ್ಲಿ ಅದು ಎಷ್ಟು ಕೈಯಲ್ಲಿದೆ ಎಂದು ಎಣಿಸಿ. ಅದಿರುವವರು ಲೆಕ್ಕ ನೋಡುವವರೇ ಆಗಿದ್ದರೆ, ವಾರಕ್ಕೊಮ್ಮೆ ಒಟ್ಟು ಲೆಕ್ಕವನ್ನು ವಾಟ್ಸಾಪ್‌ಗೆ ಕಳಿಸುವ ಒಂದು ಗುಂಡಿ ಸಾಕಾಗುತ್ತದೆ. ಮುಂದಿನ ಸಲ ಬರೆಯುವಾಗ ಸ್ಕ್ರೀನ್‌ಶಾಟ್ ಜೊತೆ ಅಜ್ಜನ ಡೈರಿಯ ಜೂನ್ ತಿಂಗಳ ಒಂದು ಪುಟದ ಫೋಟೊ ಕಳಿಸಿ, ಅವರನ್ನು ಕೇಳಿಯೇ ತೆಗೆಯಿರಿ. ನಿಮ್ಮ ತಿಂಗಳ ಪರದೆಯನ್ನು ಆ ಪುಟದ ಹಾಗೇ ಜೋಡಿಸುವುದು ಹೇಗೆಂದು ಅಳತೆ ಸಮೇತ ಗುರುತು ಹಾಕಿ ಕಳಿಸುತ್ತೇನೆ.